ಸಲೀಸಾಗಿ ಹೋದ ಪೆಡಲ್

ಪೆಡಲನ್ನು ಕೈಗೆತ್ತಿಕೊಳ್ಳುವ ಮೊದಲು ಅವರು ಬಲಗೈಯ ಬಳೆಗಳನ್ನು ತೆಗೆದು ನನ್ನ ಮೇಜಿನ ಮೇಲಿಡುತ್ತಿದ್ದರು. ಬಳೆ ಸದ್ದು ಮಾಡಿದರೆ ಥ್ರೆಡ್ಡಿನ, ಅಂದರೆ ತಿರುಪಿನ ಗೆರೆಗಳ, ಸದ್ದು ಕೇಳಿಸುವುದಿಲ್ಲ ಎಂಬುದು ಅವರ ವಾದ. ಆಮೇಲೆ ಎರಡೇ ಬೆರಳಲ್ಲಿ ಪೆಡಲಿನ ತುದಿಯನ್ನು ಸೈಕಲ್ಲಿನ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ಲೋಹದ ತೋಳಿನ, ತೂತಿಗೆ ಆನಿಸಿ, ಮೊದಲು ಉಲ್ಟಾ ತಿರುಗಿಸುವರು. ಒಳಗೆಲ್ಲೋ ಒಂದು ಸಣ್ಣ ‘ಟಿಕ್’ ಕೇಳಿಸುತ್ತದೆ, ಗೆರೆಗೆ ಗೆರೆ ಕೂತ ಸದ್ದು. ಅದು ಕೇಳಿದ ಮೇಲೇ ಸರಿಯಾದ ದಿಕ್ಕಿಗೆ. ಸ್ಪ್ಯಾನರ್ ಮುಟ್ಟುವ ಹಾಗಿಲ್ಲ. ಕೊನೆಯವರೆಗೂ ಬೆರಳಿನಲ್ಲೇ ಹೋಗಬೇಕು, ಆದರೆ ಸಲೀಸಾಗಿ ಹೋಗಬಾರದು. ಅಳತೆಯ ಬಳೆ ಕೈಗೆ ಏರುವ ಹಾಗೆ, ಒಪ್ಪಿಯೂ ಒಪ್ಪದ ಹಾಗೆ ಹೋಗಬೇಕು.

“ಬಿಗಿಯಾಗಿರೋದು ಸುಳ್ಳು ಹೇಳಲ್ಲ ಕಣ್ರೀ, ನಿಂತುಬಿಡುತ್ತೆ. ಸಲೀಸಾಗಿ ಹೋಗುತ್ತಲ್ಲ, ಅದನ್ನ ನಂಬಬೇಡಿ” ಎನ್ನುತ್ತಿದ್ದರು.

ಅವರು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ ಆಗಿದ್ದವರು. ನಾನು ಲಷ್ಕರ್ ಮೊಹಲ್ಲಾದಲ್ಲಿ ಸೈಕಲ್ ಶಾಪು ಇಟ್ಟವನು. ಎಸ್ಸೆಸ್ಸೆಲ್ಸಿ ಮುಗಿಸಿ ಸ್ಪ್ಯಾನರ್ ಹಿಡಿದ ಕೈ, ಪೆನ್ನು ಹಿಡಿದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ. ಮೇಡಂ ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಅವರ ಹಳೆಯ ವಿದ್ಯಾರ್ಥಿನಿಯರು ಸೇರಿ ಒಂದು ನೆನಪಿನ ಪುಸ್ತಕ ತರುತ್ತಿದ್ದಾರೆ. ಅದರಲ್ಲಿ ಮೂರ್ನಾಲ್ಕು ಜನ ಒಂದೇ ಕಥೆ ಬರೆದಿದ್ದಾರಂತೆ: ಇಡೀ ಜನ್ಮದಲ್ಲಿ ಮೇಡಂ ಮಾಡಿದ ಒಂದೇ ಒಂದು ತಪ್ಪಿನ ಕಥೆ. ಅದನ್ನು ಮೇಡಂ ತಾವೇ ಎಲ್ಲರಿಗೂ ಹೇಳಿ ನಗುತ್ತಿದ್ದರು. ಆ ಕಥೆ ನಿಜವಲ್ಲ. ನಿಜವಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಹಾಗೇ ಅಚ್ಚಾಗಿಬಿಟ್ಟರೆ ಇನ್ನು ಅದನ್ನು ಅಳಿಸುವವರು ಯಾರೂ ಇಲ್ಲ.

ಅವರ ಹೆಸರು ಬರೆಯುವುದಿಲ್ಲ. ಇದ್ದಾಗ ‘ಮೇಡಂ’ ಎಂದೇ ಕರೆದವನು, ಈಗ ಹೆಸರು ಹಿಡಿದು ಬರೆಯಲು ಕೈ ಬರುತ್ತಿಲ್ಲ.

ಮೊದಲ ಸಲ ಅವರು ಶಾಪಿಗೆ ಬಂದದ್ದು ಸೈಕಲ್ ತಳ್ಳಿಕೊಂಡು. ನಸುಗೆಂಪು ಬಣ್ಣದ, ತೆಳ್ಳನೆಯ ಕೊಳವೆಗಳ ಹಳೆಯ ಫ್ರೆಂಚ್ ಸೈಕಲ್ಲು. ಪಾಂಡಿಚೇರಿಯಲ್ಲಿ ಕೆಲಸಕ್ಕಿದ್ದ ಅವರ ಅಣ್ಣ ಅಲ್ಲಿ ಯಾರದೋ ಮನೆಯಿಂದ ಕೊಂಡು ರೈಲಿಗೆ ಹಾಕಿ ಕಳಿಸಿದ್ದಂತೆ. ಒಂದು ಪೆಡಲಿನ ಒಳಗೆ ಗೋಲಿ ಸವೆದು ಕರಕರ ಅನ್ನುತ್ತಿತ್ತು. ನಾನು ನೋಡಿದವನೇ, “ಇದನ್ಯಾಕೆ ರಿಪೇರಿ ಮಾಡಿಸ್ತೀರಾ ಮೇಡಂ, ಹೊಸದೇ ಹಾಕ್ಬುಡ್ತೀನಿ” ಎಂದು ಗೂಡಿನಿಂದ ಒಂದು ಪೆಡಲ್ ತೆಗೆದು ಕ್ರ್ಯಾಂಕಿನ ಹತ್ತಿರ ಒಯ್ದೆ.

“ರೀ! ಕೆಳಗಿಡಿ ಅದನ್ನ!”

ಅದು ಆಟದ ಮೈದಾನದ ದನಿ. ಪಕ್ಕದ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಟೈಲರ್ ಭಾಯಿ ಕೂಡ ಕತ್ತರಿ ಕೆಳಗಿಟ್ಟರಂತೆ.

ಆಮೇಲೆ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು ನನಗೆ ಪಾಠ ಮಾಡಿದರು. ನಮ್ಮೂರಿನ ಸೈಕಲ್ಲುಗಳೆಲ್ಲ ಇಂಗ್ಲಿಷ್ ಅಳತೆ, ಪೆಡಲಿನ ದಪ್ಪ ಇಂಚಿನ ಲೆಕ್ಕ. ಹಳೆಯ ಫ್ರೆಂಚ್ ಸೈಕಲ್ಲಿನದು ಹದಿನಾಲ್ಕು ಮಿಲಿಮೀಟರ್. ಎರಡಕ್ಕೂ ಇರುವ ವ್ಯತ್ಯಾಸ ಕೂದಲಿನ ಲೆಕ್ಕದ್ದು, ಕಣ್ಣಿಗೆ ಕಾಣುವುದಿಲ್ಲ. ಇಂಗ್ಲಿಷ್ ಪೆಡಲನ್ನು ಫ್ರೆಂಚ್ ಕ್ರ್ಯಾಂಕಿಗೆ ಹಾಕಹೋದರೆ ಒಂದು ಸುತ್ತಿಗೇ ನಿಲ್ಲುತ್ತದೆ. ಬಲವಂತ ಮಾಡಿದರೆ ಹೋಗುತ್ತದೆ, ಆದರೆ ಒಳಗಿನ ಥ್ರೆಡ್ಡನ್ನು ಕೊಯ್ದುಕೊಂಡು ಹೋಗುತ್ತದೆ. ಆಮೇಲೆ ಅದರದೇ ಪೆಡಲ್ ಹಾಕಿದರೂ ಸಡಿಲ. ಅವರ ಸೈಕಲ್ಲಿನ ಕ್ರ್ಯಾಂಕ್ ಅಲ್ಯೂಮಿನಿಯಂದು, ಮೆದು ಬೇರೆ.

“ಹಾಗಾದ್ರೆ ಗುರುತು ಹಿಡಿಯೋದು ಎಂಗೆ ಮೇಡಂ?” ಎಂದೆ.

ಪೆಡಲಿನ ತುದಿಯನ್ನು ನನ್ನ ಕಣ್ಣಿನ ಮುಂದೆ ಹಿಡಿದರು. ಅಲ್ಲಿ ಇರುವೆಯಷ್ಟು ಸಣ್ಣ ‘D’ ಅಕ್ಷರ. “ಇಂಗ್ಲಿಷಿನವರಾದ್ರೆ ಎಡಕ್ಕೆ L, ಬಲಕ್ಕೆ R. ಫ್ರೆಂಚರಿಗೆ ಬಲ ಅಂದ್ರೆ D. ಆದ್ರೆ D ಒಂದನ್ನೇ ನೋಡಿ ತೀರ್ಮಾನ ಮಾಡ್ಬೇಡಿ, ಇಟಲಿಯವರೂ ಬಲಕ್ಕೆ D ಅಂತಾನೇ ಹಾಕ್ತಾರೆ. ಜೊತೆಯಲ್ಲಿರೋ ಎಡಗಡೆದನ್ನ ನೋಡ್ಬೇಕು. G ಇದ್ರೆ ಫ್ರೆಂಚು, S ಇದ್ರೆ ಇಟಲಿ. ಇಟಲಿದು ನಮ್ಮ ಅಳತೆಗೇ ಕೂರುತ್ತೆ.”

“ಅಕ್ಷರ ಸವೆದುಹೋಗಿದ್ರೆ?”

“ಅದಕ್ಕೇ ದೇವರು ಬೆರಳು ಕೊಟ್ಟಿರೋದು ಸಾಹುಕಾರ್ರೇ” ಎಂದರು. ಅವತ್ತಿನಿಂದ ನಾನು ಅವರಿಗೆ ಸಾಹುಕಾರ. ಗಲ್ಲಾ ಪೆಟ್ಟಿಗೆಯೂ ಇಲ್ಲದ ಶಾಪಿನ ಸಾಹುಕಾರ.

ಅದಾದ ಮೇಲೆ ವಾರಕ್ಕೊಂದು ಸಲವಾದರೂ ಬರುತ್ತಿದ್ದರು. ಕೆಲಸ ಇಲ್ಲದಿದ್ದರೂ ಬರುವರು. ಒಂದು ಬೈ ಟು ಕಾಫಿ ತರಿಸಿ, ದೊಡ್ಡ ಲೋಟ ತಾವಿಟ್ಟುಕೊಂಡು, ಚಿಕ್ಕದನ್ನು ನನ್ನ ಕಡೆ ತಳ್ಳುವರು. ಬಂದ ಗಿರಾಕಿಗಳಿಗೆಲ್ಲ, “ಬೆನ್ನು ನೆಟ್ಟಗಿಟ್ಕೊಂಡು ನಿಂತ್ಕೊಳಪ್ಪ” ಎಂದು ಹೇಳುವರು. ಗಾಳಿ ತುಂಬಿಸಲು ಬಂದ ಪೊಲೀಸಿನವನೊಬ್ಬನಿಗೂ ಹೇಳಿದರು. ಅವನು ನೆಟ್ಟಗೆ ನಿಂತ. ಹೊಗಳಿಕೆ ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಾನು ಚಕ್ರದ ಸೊಟ್ಟ ತೆಗೆದು ನೂಲು ಹಿಡಿದ ಹಾಗೆ ನಿಲ್ಲಿಸಿದರೂ, “ಹ್ಞೂಂ, ತಿರುಗುತ್ತೆ” ಎಂದಷ್ಟೇ ಹೇಳುವರು. ಆ ‘ತಿರುಗುತ್ತೆ’ ಬರುವುದಕ್ಕಾಗಿ ನಾನು ಕಾಯುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ದಸರಾ ಹೊತ್ತಿಗೆ ಹಳೆಯ ಸೈಕಲ್ ಇಟ್ಟುಕೊಂಡವರೆಲ್ಲ ಸೇರಿ ಅಲಂಕಾರ ಮಾಡಿಕೊಂಡು ಊರಲ್ಲಿ ಒಂದು ಸುತ್ತು ಹಾಕುವುದುಂಟು. ನೀವೂ ಹೋಗಿ ಮೇಡಂ, ನಿಮ್ಮದರಷ್ಟು ಚೆಂದದ್ದು ಯಾರ ಹತ್ತಿರವೂ ಇಲ್ಲ ಎಂದೆ. “ಸೈಕಲ್ಲೇನು ಆನೆನಾ ಕಣ್ರೀ, ಮೆರವಣಿಗೆ ಮಾಡಕ್ಕೆ? ತರಕಾರಿ ತರೋ ಗಾಡಿ” ಎಂದುಬಿಟ್ಟರು.

ಸ್ಕೂಲಿನಲ್ಲಿ ಅವರು ಹುಡುಗಿಯರಿಗೆ ಸೈಕಲ್ ಕಲಿಸುತ್ತಿದ್ದ ರೀತಿ ಬೇರೆ ಯಾರೂ ಕಲಿಸಿದ್ದನ್ನು ನಾನು ನೋಡಿಲ್ಲ. ಹಿಂದಿನಿಂದ ಸೀಟು ಹಿಡಿದು ಓಡುವುದಿಲ್ಲ. ಎರಡೂ ಪೆಡಲ್ ಬಿಚ್ಚಿಬಿಡುವುದು. ಸೀಟು ತಗ್ಗಿಸಿ, ಕಾಲಿನಿಂದ ನೆಲ ಒದ್ದುಕೊಂಡು ಮೈದಾನವಿಡೀ ಓಡಾಡಿಸುವುದು. ಹಾಗೇ ಓಡಾಡುತ್ತ ಒಂದು ದಿನ ಹುಡುಗಿಗೆ ತಿಳಿಯದಂತೆಯೇ ಎರಡೂ ಕಾಲು ಮೇಲೆ ಬಂದಿರುತ್ತವೆ. ಅವತ್ತು ಪೆಡಲ್ ಹಾಕುವರು, ಅದೂ ಆ ಹುಡುಗಿಯ ಕೈಯಲ್ಲೇ. ‘ಫೀಸು ಕಟ್ಟಿಸ್ಕೊಂಡು ಮಕ್ಕಳನ್ನ ಕುಂಟಿಸ್ತಾರೆ’ ಎಂದು ಕೆಲವು ತಂದೆತಾಯಿಗಳು ಹೆಡ್‌ಮಾಸ್ಟರ ಹತ್ತಿರ ದೂರು ಒಯ್ದಿದ್ದರಂತೆ. ಮೇಡಂ ಕ್ಯಾರೇ ಅಂದಿರಲಿಲ್ಲ.

ಆ ಪದ್ಧತಿಯೇ ಅವರಿಗೆ ಒಂದು ಅಭ್ಯಾಸವಾಗಿತ್ತು. ತಮ್ಮ ಸೈಕಲ್ಲನ್ನು ಎಲ್ಲಿ ಬಿಟ್ಟುಹೋದರೂ ಪೆಡಲ್ ಬಿಚ್ಚಿ ಖಾದಿ ಚೀಲಕ್ಕೆ ಹಾಕಿಕೊಂಡು ಹೋಗುವರು. ಸ್ಕೂಲಿನಲ್ಲೂ ಅಷ್ಟೇ, ನೆಂಟರ ಮನೆಯಲ್ಲೂ ಅಷ್ಟೇ, ನನ್ನ ಶಾಪಿನಲ್ಲೂ ಅಷ್ಟೇ. ಕಲಿಯದ ಮಕ್ಕಳು ಹತ್ತಿ ಬೀಳಬಾರದು ಎಂದು ಶುರುವಾದದ್ದು. “ಪೆಡಲ್ ಇಲ್ಲದ ಸೈಕಲ್ಲು ಯಾರನ್ನೂ ಬೀಳಿಸಲ್ಲ” ಎನ್ನುವರು. ಅದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಒಂದು ಸಲ ತಂಗಿಯ ಊರಿಗೆ ಹೊರಟವರು, ಚಕ್ರದ ಸೊಟ್ಟ ತೆಗೆದಿಡಿ ಎಂದು ಸೈಕಲ್ಲನ್ನು ನನ್ನ ಹತ್ತಿರ ಬಿಟ್ಟರು. ಎಂದಿನಂತೆ ಪೆಡಲ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದರು. ಟೈಲರ್ ಭಾಯಿ ಬಾಯಲ್ಲಿ ದಾರ ಕಚ್ಚಿಕೊಂಡೇ ನಕ್ಕರು.

“ಏನ್ ಯಜಮಾನ್ರೇ, ನಿಮ್ ಮೇಲೆ ನಂಬ್ಕೆ ಜಾಸ್ತಿ ಕಣ್ರೀ ಮೇಡಮ್ಮಿಗೆ! ಮನೆಗೆ ಬೀಗ ಹಾಕ್ಕೊಂಡ್ ಹೋಗೋರನ್ನ ನೋಡಿದೀನಿ. ಬಾಗ್ಲೇ ಕಿತ್ಕೊಂಡ್ ಹೋಗೋರನ್ನ ಇವತ್ತೇ ನೋಡಿದ್ದು!”

ನಾನೂ ನಕ್ಕೆ. ಆದರೆ ಅದು ಒಳಗೆ ಹೋಗಿ ಕೂತುಬಿಟ್ಟಿತು. ಗೊತ್ತಿದ್ದೂ ಚುಚ್ಚಿತು. ಇಷ್ಟು ವರ್ಷ ಕಾಫಿ ಹಂಚಿಕೊಂಡು ಕುಡಿದಿದ್ದೇವೆ, ನಾನೇನು ಅವರ ಸೈಕಲ್ ಹತ್ತಿ ಓಡಿಹೋಗುತ್ತೇನೆಯೇ ಎಂದುಕೊಂಡೆ. ಎರಡು ದಿನ ಬಿಟ್ಟು ಹತ್ತಿಯೇ ಬಿಟ್ಟೆ.

ಬೆಳಗ್ಗೆ ಬೇಗ ಶಾಪು ತೆಗೆದೆ. ಗೂಡಿನಿಂದ ಒಂದು ಜೊತೆ ಸಾದಾ ಪೆಡಲ್ ತೆಗೆದೆ. ಬೆರಳಲ್ಲಿ ಹಾಕಿ ನೋಡಿದೆ, ಒಂದು ಸುತ್ತಿಗೆ ನಿಂತಿತು. ಹೇಳಬೇಕಾದ್ದನ್ನು ಅದು ಅಲ್ಲೇ ಹೇಳಿತ್ತು. ನಾನು ಉದ್ದನೆಯ ಸ್ಪ್ಯಾನರ್ ತೆಗೆದುಕೊಂಡೆ, ಅದರ ಹಿಡಿಗೆ ಕಾಲು ಕೊಟ್ಟು ಒತ್ತಿದೆ. ಮೆದು ಲೋಹ, ಬಿಟ್ಟುಕೊಟ್ಟಿತು. ಬೆಳ್ಳಿಯ ಹಾಗೆ ಹೊಳೆಯುವ ತೆಳು ಚೂರುಗಳು ನೆಲಕ್ಕೆ ಉದುರಿದವು. ಎಡಕ್ಕೂ ಹಾಗೇ ಮಾಡಿದೆ.

ಕುಕ್ಕರಹಳ್ಳಿ ಕೆರೆಯ ಕಡೆಯ ರಸ್ತೆಯಲ್ಲಿ ಹೋಗಿ ಬಂದೆ. ಅಂಥ ಸೈಕಲ್ಲನ್ನು ನಾನು ಮತ್ತೆ ತುಳಿದಿಲ್ಲ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಲ್ಲಿಸಿ, “ಯಾರದು ಸ್ವಾಮಿ, ಎಂಥ ಗಾಡಿ!” ಎಂದರು.

“ನಮ್ದೇ” ಎಂದೆ.

ಬಂದವನು ಪೆಡಲ್ ಬಿಚ್ಚಿ ಗೂಡಿಗೆ ಹಾಕಿದೆ. ಕ್ರ್ಯಾಂಕನ್ನು ಬಟ್ಟೆಯಿಂದ ಒರೆಸಿದೆ. ನೆಲ ಗುಡಿಸಿದೆ. ಟೈಲರ್ ಭಾಯಿ ಅಂಗಡಿ ತೆಗೆಯುವಷ್ಟರಲ್ಲಿ ಎಲ್ಲ ಮೊದಲಿನ ಹಾಗೇ ಇತ್ತು.

ಮೇಡಂ ಊರಿನಿಂದ ಬಂದವರು ನೇರ ಶಾಪಿಗೇ ಬಂದರು. ಚಕ್ರ ತಿರುಗಿಸಿ ನೋಡಿ, “ಹ್ಞೂಂ, ತಿರುಗುತ್ತೆ” ಎಂದರು. ಸ್ಟೂಲಿನ ಮೇಲೆ ಕೂತು ಬಳೆ ತೆಗೆದಿಟ್ಟರು. ಎಡಗಡೆಯ ಪೆಡಲ್ ಆನಿಸಿದರು. ಟಿಕ್. ತಿರುಗಿಸುತ್ತ ಹೋದವರು ಅರ್ಧಕ್ಕೆ ನಿಲ್ಲಿಸಿದರು.

“ಯಾಕೋ ಸಲೀಸಾಗಿ ಹೋಗ್ತಿದೆ ಕಣ್ರೀ.”

ನಾನು ಆಗ ಹೇಳಬಹುದಿತ್ತು. ಬೈಯುತ್ತಿದ್ದರು, ಒಂದು ತಿಂಗಳು ಶಾಪಿಗೆ ಬರುತ್ತಿರಲಿಲ್ಲ, ಅಷ್ಟೇ. ನಾನು ಪಂಪಿನ ವಾಷರ್ ಬಿಚ್ಚುತ್ತಿದ್ದವನು ತಲೆ ಎತ್ತದೆ ಹೇಳಿದೆ: “ಗ್ರೀಸ್ ಹಚ್ಚಿದೀನಿ ಮೇಡಂ, ಅದಕ್ಕೆ.”

ಅವರು ತಮ್ಮ ಬೆರಳ ತುದಿ ನೋಡಿಕೊಂಡರು. ಪೆಡಲಿನಲ್ಲಿದ್ದ ಹಳೆಯ ಜಿಡ್ಡು ಅಲ್ಲಿ ಹತ್ತಿತ್ತು. ಹೆಬ್ಬೆರಳಿನಿಂದ ಅದನ್ನು ಉಜ್ಜಿ ನೋಡಿ, ನನ್ನ ಮುಖ ನೋಡಿ, “ನೀವು ಹೇಳಿದ್ಮೇಲೆ ಸರಿ ಬಿಡಿ” ಎಂದು ಉಳಿದರ್ಧ ತಿರುಗಿಸಿದರು.

ಎಷ್ಟೋ ವರ್ಷ ಬೆರಳನ್ನು ಬಿಟ್ಟು ಬೇರೆ ಯಾರನ್ನೂ ನಂಬದಿದ್ದವರು ಅವತ್ತು ನನ್ನನ್ನು ನಂಬಿದರು.

ಅವರ ಮನೆ ಕುಂಬಾರಕೊಪ್ಪಲಿನಲ್ಲಿತ್ತು. ಕೆಲವು ದಿನದ ಮೇಲೆ ಮನೆಯ ಕಡೆ ಹೋಗುವಾಗ ಒಂದು ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿದಿದ್ದಾರೆ. ಎಡಗಡೆಯ ಪೆಡಲ್ ಥ್ರೆಡ್ಡನ್ನೂ ಕಿತ್ತುಕೊಂಡು ಹೊರಬಂದಿದೆ. ಹ್ಯಾಂಡಲ್ ಹೊರಳಿ ಬಲಕ್ಕೆ ವಾಲಿ, ಬಲಗೈ ಊರಿ ಬಿದ್ದರು. ಮುಂಗೈ ಮೂಳೆ ಮುರಿಯಿತು.

ಆಸ್ಪತ್ರೆಗೆ ಮೂಸಂಬಿ ಹಿಡಿದುಕೊಂಡು ಹೋದೆ. ಕೈಗೆ ಪ್ಲಾಸ್ಟರ್ ಹಾಕಿ ದಿಂಬಿನ ಮೇಲಿಟ್ಟಿದ್ದರು. ನನ್ನನ್ನು ನೋಡಿ ಮೊದಲು ಅವರೇ ಮಾತಾಡಿದರು.

“ಬನ್ನಿ ಸಾಹುಕಾರ್ರೇ. ಹೆದರ್ಕೋಬೇಡಿ, ನಿಮ್ಮ ಗ್ರೀಸನ್ನ ಬಯ್ಯಲ್ಲ. ತಪ್ಪು ನಂದೇ. ಅಡ್ಡ ಹತ್ತಿಸಿಬಿಟ್ಟಿದೀನಿ.”

ಅಡ್ಡ ಹತ್ತುವುದೆಂದರೆ ಗೆರೆಗೆ ಗೆರೆ ಕೂಡದೆ ಪೆಡಲ್ ಓರೆಯಾಗಿ ಏರುವುದು. ಹೊಸದಾಗಿ ಕಲಿಯುವವರು ಮಾಡುವ ತಪ್ಪು; ಹಾಗೆ ಏರುವಾಗ ಬೆರಳಿಗೆ ಬಿಗಿ ತಿಳಿಯುತ್ತದೆ.

“ಅದು ಅಡ್ಡ ಹತ್ತುತ್ತಾ ಇದ್ರೂ ನನ್ನ ಬೆರಳಿಗೆ ಸಲೀಸು ಅನ್ನಿಸ್ತಲ್ಲ ಕಣ್ರೀ! ಬೆರಳಿಗೆ ವಯಸ್ಸಾಯ್ತು. ಮೋಸ ಮಾಡಿಬಿಡ್ತು ನೋಡಿ” ಎಂದು ನಕ್ಕರು.

ಅಷ್ಟರಲ್ಲಿ ನರ್ಸ್ ಬಂದಳು, ಅದಕ್ಕೇ ನನ್ನಿಂದ ಹೇಳಲಾಗಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನರ್ಸ್ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಮೂಸಂಬಿ ಸುಲಿದುಕೊಟ್ಟೆ.

ಮೂಳೆ ಕೂಡಿತು, ಸ್ವಲ್ಪ ಸೊಟ್ಟಗೆ. ಮೇಡಂ ಮತ್ತೆ ಸೈಕಲ್ ಹತ್ತಲಿಲ್ಲ. ಅದನ್ನು ಹಳೆಯ ಸೀರೆ ಹೊದಿಸಿ ಮನೆಯ ಮೆಟ್ಟಿಲ ಕೆಳಗೆ ನಿಲ್ಲಿಸಿದರು. ಬಲಗಡೆಯ ಪೆಡಲನ್ನೂ ಯಾರ ಕೈಯಲ್ಲೋ ಬಿಚ್ಚಿಸಿ ಚೀಲಕ್ಕೆ ಹಾಕಿದರು. ಆ ಕ್ರ್ಯಾಂಕನ್ನು ಮತ್ತೆ ಮುಟ್ಟಿ ನೋಡಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು. ಎಡಗಡೆ ಹರಿದುಹೋಗಿ ಗುರುತು ಅಳಿದಿತ್ತು, ಬಲಗಡೆ ಹಾಗೇ ಇತ್ತು. ನಾನು ಎಷ್ಟೋ ದಿನ ಹೆದರಿಕೊಂಡೇ ಇದ್ದೆ. ನೋಡಲಿಲ್ಲ ಎಂದು ಖಚಿತವಾದ ಮೇಲೆ ಹೆದರಿಕೆ ಹೋಯಿತು. ಅದರ ಜಾಗದಲ್ಲಿ ಬಂದು ಕೂತದ್ದು ಅದಕ್ಕಿಂತ ಕೆಟ್ಟದ್ದು.

ಶಾಪಿಗೆ ಮಾತ್ರ ಬರುವುದನ್ನು ಬಿಡಲಿಲ್ಲ. ಆಟೋದಲ್ಲಿ ಬರುವರು, ಸ್ಟೂಲಿನ ಮೇಲೆ ಕೂರುವರು, ದೊಡ್ಡ ಲೋಟ ಎಡಗೈಯಲ್ಲಿ ಹಿಡಿಯುವರು. ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಸಿಕ್ಕರೆ ಆ ಕಥೆ ಶುರು: “ಇಷ್ಟು ಜನಕ್ಕೆ ಪಾಠ ಹೇಳಿದೋಳು ನಾನೇ ಅಡ್ಡ ಹತ್ತಿಸ್ಕೊಂಡು ರಸ್ತೇಲಿ ಬಿದ್ದೆ ಕಣ್ರೇ. ಅದಕ್ಕೇ ನೀವು ಎರಡೆರಡು ಸಲ ನೋಡಿ!” ಹುಡುಗಿಯರು ನಗುವರು. ತಪ್ಪನ್ನೂ ಪಾಠ ಮಾಡಿಕೊಂಡರಲ್ಲ ಎಂದು ಹೆಮ್ಮೆ ಪಡುವರು. ನಾನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿರುತ್ತಿದ್ದೆ.

ಉದಯಗಿರಿಯ ಗುಜರಿ ಅಂಗಡಿಯವನೊಬ್ಬ ಒಂದು ದಿನ ಹಳೆಯ ಕ್ರ್ಯಾಂಕು, ಒಂದು ಜೊತೆ ಪೆಡಲ್ ತಂದ. ಅವನಿಗೆ ಮೇಡಂ ಪರಿಚಯವೇ. “ಮೇಡಂ, ಇದ್ ಯಾವ್ ದೇಶದ್ದು ಒಸಿ ಹೇಳ್ಬುಡಿ. ಗಿರಾಕಿ ಕಾಯ್ತಾವ್ನೆ” ಎಂದು ಅವರ ಮಡಿಲ ಹತ್ತಿರವೇ ಹಿಡಿದ.

ಮೇಡಂ ಬಲಗೈಯನ್ನು ಸೆರಗಿನ ಒಳಗೆ ಎಳೆದುಕೊಂಡರು. “ಅವರನ್ನ ಕೇಳಪ್ಪ. ನನ್ನ ಕೈ ನಂಬಬೇಡ.”

ನಾನು ಪೆಡಲ್ ತಿರುಗಿಸಿ ನೋಡಿದೆ. ಬಲಗಡೆಯದರಲ್ಲಿ D. ಬೇಕೆಂದೇ ನಿಧಾನ ಮಾಡಿದೆ.

“ಜೊತೆದು ನೋಡ್ರೀ, ಜೊತೆದು” ಎಂದರು, ತಡೆಯಲಾರದೆ.

“S ಇದೆ ಮೇಡಂ.”

“ಹಾಗಾದ್ರೆ ಇಟಲಿ!” ಕಣ್ಣು ಮಿನುಗಿತು. ಕ್ರ್ಯಾಂಕಿಗೂ ಇದಕ್ಕೂ ಸರಿಹೋಗುತ್ತೋ ನೋಡಿ ಮೇಡಂ ಎಂದು ನಾನು ಎರಡನ್ನೂ ಅವರ ಮುಂದೆ ಚಾಚಿದೆ. ಸೆರಗು ಸ್ವಲ್ಪ ಅಲ್ಲಾಡಿತು. ಕೈ ಹೊರಗೆ ಬರಲಿಲ್ಲ. ಬಳೆಗಳು ಅದಾದ ಮೇಲೆ ನನ್ನ ಮೇಜಿನ ಮೇಲೆ ಕೂರಲೇ ಇಲ್ಲ.

ಬಿದ್ದದ್ದಕ್ಕಿಂತ, ಮೂಳೆ ಮುರಿದದ್ದಕ್ಕಿಂತ ನಾನು ಮಾಡಿದ ದೊಡ್ಡ ಕೇಡು ಇದು. ಅವರ ಬೆರಳು ಸರಿಯಾಗಿಯೇ ಹೇಳಿತ್ತು. ಅದು ಸುಳ್ಳೆಂದು ನಾನು ಅವರನ್ನು ನಂಬಿಸಿದೆ.

ಒಂದು ಸಲ ಹೇಳಲು ಹೊರಟೆ. “ಮೇಡಂ, ಅವತ್ತು ನಿಮ್ಮ ಬೆರಳು ಸರಿಯಾಗೇ ಇತ್ತೇನೋ” ಎಂದೆ. ತಪ್ಪಿಸಿಕೊಳ್ಳಲು ಒಂದು ಸಂದಿ ಇಟ್ಟುಕೊಂಡು ಹೇಳಿದ ಮಾತು.

“ಸುಮ್ನಿರಿ ಸಾಹುಕಾರ್ರೇ. ವಯಸ್ಸಾದೋರಿಗೆ ಸಮಾಧಾನ ಹೇಳಿದ್ರೆ ಕೋಪ ಬರುತ್ತೆ” ಎಂದು ಕಾಫಿ ಮುಗಿಸಿದರು. ನಾನೂ ಆ ಸಂದಿಯಲ್ಲೇ ನುಸುಳಿಕೊಂಡೆ. ನಮ್ಮದು ಬೆಳಗ್ಗೆ ಎದ್ದು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವ ಮನೆತನ. ಕಣ್ಣು ಮುಚ್ಚಿದರೆ ಆ ಅಂಗೈಯಲ್ಲಿ ನನಗೆ ಸ್ಪ್ಯಾನರಿನ ತೂಕ ತಿಳಿಯುತ್ತಿತ್ತು.

ಮೇಡಂ ಹೋದ ಸುದ್ದಿ ಫೋನಿನಲ್ಲಿ ಬಂತು. ಹೋಗಿ ನೋಡಿದೆ. ಕೈ ಎದೆಯ ಮೇಲಿಟ್ಟಿದ್ದರು, ಸೊಟ್ಟ ಮುಂಗೈ ಹಾಗೇ ಕಾಣುತ್ತಿತ್ತು. ಬೆರಳುಗಳನ್ನು ನೋಡಲಾಗದೆ ಈಚೆ ಬಂದೆ.

ಕಳೆದ ತಿಂಗಳು ಅವರ ತಂಗಿಯ ಮಗಳು ವಸುಧಾ ಗೂಡ್ಸ್ ಆಟೋದಲ್ಲಿ ಆ ಸೈಕಲ್ಲನ್ನು ಹಾಕಿಕೊಂಡು ನನ್ನ ಶಾಪಿಗೆ ಬಂದಳು. ದೊಡ್ಡಮ್ಮನ ಕೈಯಲ್ಲೇ ಕುಂಟಿ ಕುಂಟಿ ಸೈಕಲ್ ಕಲಿತವಳು. ಈಗ ಬ್ಯಾಂಕಿನಲ್ಲಿದ್ದಾಳೆ. ಖಾದಿ ಚೀಲ ಹೆಗಲಲ್ಲೇ ಇತ್ತು.

“ಅಂಕಲ್, ಇದನ್ನ ಓಡೋ ಹಾಗೆ ಮಾಡ್ಕೊಡಿ. ಗೋಡೆಗೆ ನೇತು ಹಾಕಿದ್ರೆ ದೊಡ್ಡಮ್ಮ ಕನಸಲ್ಲಿ ಬಂದು ಬಯ್ತಾರೆ. ಆಮೇಲೆ ಪುಸ್ತಕಕ್ಕೆ ನೀವೂ ಒಂದು ಬರೀಬೇಕು. ಆ ಅಡ್ಡ ಹತ್ತಿಸಿದ ಕಥೆನೇ ಬರೀರಿ, ನೀವು ಪಕ್ಕದಲ್ಲೇ ಇದ್ರಿ ಅಲ್ವಾ?”

“ಇದ್ದೆ” ಎಂದೆ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಸ್ಟೂಲ್ ಎಳೆದುಕೊಂಡು ಕೂತಾಗಿತ್ತು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು, ಬಳೆ ಇಡುತ್ತಿದ್ದ ಜಾಗದಲ್ಲೇ. ಚೀಲದಿಂದ ಬಲಗಡೆಯ ಪೆಡಲ್ ತೆಗೆದು, D ಅಕ್ಷರವನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಬೆರಳಲ್ಲಿ ಕ್ರ್ಯಾಂಕಿಗೆ ಆನಿಸಿದಳು. ಮೊದಲು ಉಲ್ಟಾ. ಟಿಕ್. ಆಮೇಲೆ ಮುಂದಕ್ಕೆ. ಒಂದು ಸುತ್ತು, ಎರಡು ಸುತ್ತು. ಅರ್ಧಕ್ಕೆ ನಿಲ್ಲಿಸಿ ತಲೆ ಓರೆ ಮಾಡಿದಳು.

“ಅಂಕಲ್, ಇದು ಯಾಕೋ ಸಲೀಸಾಗಿ ಹೋಗ್ತಿದೆ. ಗ್ರೀಸ್ ಹಚ್ಚಿದೀರಾ?”

“ಇಲ್ಲ ಕಣಮ್ಮ” ಎಂದೆ. “ಅವತ್ತೂ ಹಚ್ಚಿರಲಿಲ್ಲ.”